ಫೋಕಸ್ ಎಲ್ಲಿ ನಿಲ್ಲಬೇಕು? ವೈಜ್ಞಾನಿಕ ಚಿತ್ರಣದ ಲೆನ್ಸ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಕ್ರೋಸ್ಕೋಪ್, ಟೆಲಿಸ್ಕೋಪ್, ಅಳತೆಯ ಕ್ಯಾಮೆರಾ ಬಳಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಬೇರೆ ಹೇಳದ ಕಡೆ ಲೆಕ್ಕವೆಲ್ಲ 550 ನ್ಯಾನೊಮೀಟರ್ ತರಂಗಾಂತರದ ಹಸಿರು ಬೆಳಕಿಗೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು.

ಮಾಮೂಲಿ ಫೋಟೊ ತೆಗೆಯುವಾಗಲೂ ಫೋಕಸ್ ಮಾಡುತ್ತೇವೆ. ಇಲ್ಲಿ ಏನು ಹೊಸದು?

ಫೋಟೊ ಚೆನ್ನಾಗಿ ಕಂಡರೆ ಸಾಕು. ವೈಜ್ಞಾನಿಕ ಚಿತ್ರದಿಂದ ಆಮೇಲೆ ಯಾರೋ ಅಳತೆ ತೆಗೆಯುತ್ತಾರೆ: ಕೋಶದ ಅಗಲ, ನಕ್ಷತ್ರದ ಹೊಳಪು, ಲೋಹದಲ್ಲಿನ ಬಿರುಕಿನ ಉದ್ದ. ಫೋಕಸ್ ಕೊಂಚ ತಪ್ಪಿದರೆ ಅಂಚು ಹರಡಿಕೊಳ್ಳುತ್ತದೆ, ಹೊಳಪು ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಹಂಚಿಹೋಗುತ್ತದೆ, ಅಳತೆಯ ಅಂಕಿ ಬದಲಾಗುತ್ತದೆ. ಚಿತ್ರ ನೋಡಿದರೆ ಇದು ಗೊತ್ತಾಗುವುದೂ ಇಲ್ಲ. ಹಾಗಾಗಿ ಇಲ್ಲಿ ಫೋಕಸ್ ಅನ್ನೋದೇ ಒಂದು ಅಳತೆ. ನಾಳೆ ಬೇರೊಬ್ಬರು ಬಂದು ಅದೇ ವಿಧಾನದಲ್ಲಿ ಹುಡುಕಿದರೆ ಅದೇ ಜಾಗ ಸಿಗಬೇಕು. ಕೆಳಗಿನ ಬಹುತೇಕ ಉತ್ತರಗಳು ಈ ಮಾತಿನ ಸುತ್ತಲೇ ಇವೆ.

ಲೆನ್ಸ್‌ನಲ್ಲಿ ಯಾವ ದೋಷವೂ ಇಲ್ಲದಿದ್ದರೆ ಬಿಂದುವಿನ ಬಿಂಬ ಬಿಂದುವೇ ಆಗುತ್ತದೆಯೇ?

ಇಲ್ಲ. ಬೆಳಕು ಅಲೆಯಾಗಿರುವುದರಿಂದ, ದುಂಡಗಿನ ಕಿಂಡಿಯ ಮೂಲಕ ಬಂದಾಗ ವಿವರ್ತನೆಯಾಗಿ ಒಂದು ಪುಟ್ಟ ತಟ್ಟೆಯಾಗಿ ಹರಡುತ್ತದೆ. ಸುತ್ತಲೂ ಮಸುಕಾದ ಉಂಗುರಗಳಿರುತ್ತವೆ. ಇದನ್ನು 1835ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಜಾರ್ಜ್ ಬಿಡೆಲ್ ಏರಿ. ಅದಕ್ಕೇ ಏರಿ ತಟ್ಟೆ ಎಂಬ ಹೆಸರು. ಅದರ ವ್ಯಾಸ ಬೇಕಾದರೆ ತರಂಗಾಂತರವನ್ನು ಎಫ್ ಸಂಖ್ಯೆಯಿಂದಲೂ (ಲೆನ್ಸ್‌ನ ಫೋಕಲ್ ದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದ ಅಂಕಿ) 2.44ರಿಂದಲೂ ಗುಣಿಸಿ. ಎಫ್/8ರಲ್ಲಿ ಸುಮಾರು 10.7 ಮೈಕ್ರಾನ್ ಬರುತ್ತದೆ. ಎಷ್ಟೇ ದುಬಾರಿ ಲೆನ್ಸ್ ಆದರೂ ಎಫ್/8ರಲ್ಲಿ ಇದಕ್ಕಿಂತ ಚಿಕ್ಕ ಚುಕ್ಕೆ ಕೊಡಲಾರದು.

ಮೈಕ್ರೋಸ್ಕೋಪಿನವರು ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತಾರೆ. 1873ರಲ್ಲಿ ಅರ್ನ್ಸ್ಟ್ ಅಬ್ಬೆ ಕೊಟ್ಟ ಸೂತ್ರದ ಪ್ರಕಾರ, ಬಿಡಿಸಿ ನೋಡಬಹುದಾದ ಅತಿ ಚಿಕ್ಕ ಅಂತರ ಎಂದರೆ ತರಂಗಾಂತರವನ್ನು ನ್ಯೂಮರಿಕಲ್ ಅಪರ್ಚರ್‌ನ ಎರಡರಷ್ಟರಿಂದ ಭಾಗಿಸಿದಾಗ ಬರುವ ಅಂಕಿ. ಲೆನ್ಸ್ ಎಷ್ಟು ಓರೆಯ ಕಿರಣಗಳವರೆಗೆ ಹಿಡಿಯಬಲ್ಲದು ಎಂದು ಹೇಳುವ ಅಂಕಿಯೇ ನ್ಯೂಮರಿಕಲ್ ಅಪರ್ಚರ್, ಮುಂದೆ ಬರೀ ಅಪರ್ಚರ್ ಎನ್ನೋಣ. ಅಪರ್ಚರ್ 1.4 ಇದ್ದರೆ 0.2 ಮೈಕ್ರಾನಿನ ಆಸುಪಾಸು.

ಹಾಗಾದರೆ 100 ಪಟ್ಟಿನ ಆಬ್ಜೆಕ್ಟಿವ್ (ಮೈಕ್ರೋಸ್ಕೋಪಿನಲ್ಲಿ ಮಾದರಿಯ ಬಳಿ ಇರುವ ಲೆನ್ಸ್) 40 ಪಟ್ಟಿನದಕ್ಕಿಂತ ಹೆಚ್ಚು ವಿವರ ತೋರಿಸುತ್ತದೆ ಅಲ್ಲವೇ?

ಸಾಮಾನ್ಯವಾಗಿ ಹೌದು. ಆದರೆ ಅದಕ್ಕೆ ಕಾರಣ 100 ಎಂಬ ಅಂಕಿಯಲ್ಲ, ಪಕ್ಕದಲ್ಲಿ ಕೆತ್ತಿರುವ ಇನ್ನೊಂದು ಅಂಕಿ. 40 ಪಟ್ಟಿನವೇ ಎರಡು ಆಬ್ಜೆಕ್ಟಿವ್ ತೆಗೆದುಕೊಳ್ಳಿ. 0.65 ಅಪರ್ಚರ್ ಇರುವುದು 0.42 ಮೈಕ್ರಾನಿನವರೆಗೆ ಬಿಡಿಸಿ ತೋರಿಸುತ್ತದೆ, 0.95 ಇರುವುದು 0.29ರವರೆಗೆ. ಹಿಗ್ಗಿಸುವುದು ಎರಡೂ ಅಷ್ಟೇ. ಕಣ್ಣಿನಲ್ಲಿ ನೋಡುವಾಗ ಒಟ್ಟು ವರ್ಧನೆ ಅಪರ್ಚರ್‌ನ ಸಾವಿರ ಪಟ್ಟು ದಾಟಿದ ಮೇಲೆ ಹೊಸದೇನೂ ಕಾಣುವುದಿಲ್ಲ, ಮಸುಕೇ ದೊಡ್ಡದಾಗುತ್ತದೆ. ಮಾರಾಟದ ಹಾಳೆಯಲ್ಲಿ ವರ್ಧನೆಯನ್ನು ದಪ್ಪಕ್ಷರದಲ್ಲಿ ಹಾಕಿ ಅಪರ್ಚರ್ ಬರೆಯದೇ ಬಿಟ್ಟಿದ್ದರೆ ಆ ಹಾಳೆಯನ್ನು ಪಕ್ಕಕ್ಕಿಡಿ.

ಕ್ಯಾಮೆರಾದ ಪಿಕ್ಸೆಲ್ ಎಷ್ಟು ಚಿಕ್ಕದಿರಬೇಕು?

ಬಿಡಿಸಬೇಕಾದ ಅಂತರದಲ್ಲಿ ಕನಿಷ್ಠ ಎರಡು ಪಿಕ್ಸೆಲ್ ಕೂರಬೇಕು. 6.5 ಮೈಕ್ರಾನ್ ಪಿಕ್ಸೆಲ್ಲಿನ ಕ್ಯಾಮೆರಾಗೆ 60 ಪಟ್ಟು, 1.4 ಅಪರ್ಚರ್ ಆಬ್ಜೆಕ್ಟಿವ್ ಹಾಕಿದರೆ ಒಂದು ಪಿಕ್ಸೆಲ್ ಮಾದರಿಯ ಮೇಲೆ 108 ನ್ಯಾನೊಮೀಟರ್ ಆವರಿಸುತ್ತದೆ. ಬೇಕಿರುವುದು 98. ಕೂದಲೆಳೆಯಷ್ಟು ಕಡಿಮೆ ಬಿತ್ತು, ಬಹಳ ಕೆಲಸಗಳಿಗೆ ನಡೆಯುತ್ತದೆ.

ಡೆಪ್ತ್ ಆಫ್ ಫೀಲ್ಡ್ ಮೈಕ್ರೋಸ್ಕೋಪಿನಲ್ಲಿ ಯಾಕೆ ಅಷ್ಟು ತೆಳು?

ಡೆಪ್ತ್ ಆಫ್ ಫೀಲ್ಡ್ ಎಂದರೆ ಒಟ್ಟಿಗೆ ಫೋಕಸ್‌ನಲ್ಲಿ ಕಾಣುವ ಆಳ. ಅಪರ್ಚರ್ ಹೆಚ್ಚಿದಷ್ಟೂ ಕಿರಣಗಳು ಹೆಚ್ಚು ಓರೆಯಾಗಿ ಬಂದು ಸೇರುತ್ತವೆ. ಓರೆ ಹೆಚ್ಚಾದರೆ ಸೇರುವ ಜಾಗ ಬಿಟ್ಟು ಸ್ವಲ್ಪ ಮೇಲೆ ಕೆಳಗೆ ಹೋದರೂ ಬೇಗ ಹರಡುತ್ತವೆ. ಬಿಡಿಸಿ ತೋರುವ ಶಕ್ತಿ ಅಪರ್ಚರ್‌ಗೆ ತಕ್ಕಂತೆ ಬೆಳೆದರೆ, ಆಳ ಅಪರ್ಚರ್‌ನ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ವಿವರ ಎರಡು ಪಟ್ಟು ಬೇಕೆಂದರೆ ಆಳ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಬರೀ ವಿವರ್ತನೆಯ ಲೆಕ್ಕದಲ್ಲಿ 10 ಪಟ್ಟು, 0.25ಕ್ಕೆ ಸುಮಾರು 9 ಮೈಕ್ರಾನ್ ಆಳ ಸಿಗುತ್ತದೆ. 40 ಪಟ್ಟು, 0.65ಕ್ಕೆ 1.3 ಮೈಕ್ರಾನ್. ಲೆನ್ಸ್‌ಗೂ ಮಾದರಿಯ ಗಾಜಿಗೂ ನಡುವೆ ಎಣ್ಣೆ ಹಾಕುವ 1.4ಕ್ಕೆ 0.4 ಮೈಕ್ರಾನ್ ಮಾತ್ರ. ಮಾನವನ ಕೆಂಪು ರಕ್ತಕಣದ ದಪ್ಪವೇ ಸುಮಾರು 2 ಮೈಕ್ರಾನ್ ಇರುವುದರಿಂದ, ಆ ಆಬ್ಜೆಕ್ಟಿವ್‌ನಲ್ಲಿ ಒಂದೇ ಕಣದ ಮೇಲ್ಭಾಗ ಮತ್ತು ಕೆಳಭಾಗ ಒಟ್ಟಿಗೆ ಫೋಕಸ್‌ನಲ್ಲಿ ಇರುವುದಿಲ್ಲ.

ಎಲ್ಲ ಸರಿಯಾಗಿದ್ದರೂ ಚಿತ್ರ ಮಂಜು ಮಂಜಾಗಿದೆ. ಲೆನ್ಸ್ ಹಾಳಾಗಿದೆಯೇ?

ಲೆನ್ಸ್ ಬದಲಿಸುವ ಮುಂಚೆ ಕವರ್‌ಸ್ಲಿಪ್, ಅಂದರೆ ಮಾದರಿಯ ಮೇಲೆ ಮುಚ್ಚುವ ತೆಳು ಗಾಜು ನೋಡಿ. ಜೀವಕೋಶಗಳ ಕೆಲಸಕ್ಕೆ ಮಾಡಿದ ಹೆಚ್ಚಿನ ಆಬ್ಜೆಕ್ಟಿವ್‌ಗಳ ಮೇಲೆ 0.17 ಎಂದು ಕೆತ್ತಿರುತ್ತದೆ. ಮುಂದೆ 0.17 ಮಿಲಿಮೀಟರ್ ದಪ್ಪದ ಗಾಜು ಇದ್ದೇ ಇರುತ್ತದೆ ಎಂದು ನಂಬಿಕೊಂಡು ಲೆನ್ಸ್ ಮಾಡಿದ್ದಾರೆ ಅಂತ ಅದರ ಅರ್ಥ. ಗಾಜಿನ ದಪ್ಪ ಬದಲಾದರೆ ಲೆನ್ಸ್‌ನ ಅಂಚಿನಿಂದ ಬಂದ ಕಿರಣಗಳು ಒಂದು ಕಡೆ, ನಡುವಿನಿಂದ ಬಂದವು ಇನ್ನೊಂದು ಕಡೆ ಸೇರುತ್ತವೆ. ಇದೇ ಗೋಳೀಯ ವಿಪಥನ. ಆಗ ನಾಬ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಎಲ್ಲ ಕಿರಣಗಳೂ ಕೂಡುವ ಜಾಗವೇ ಇಲ್ಲ.

ಪೆಟ್ಟಿಗೆಯ ಮೇಲೆ 1 ನಂಬರ್ ಎಂದಿದ್ದರೆ ಗಾಜು 0.13ರಿಂದ 0.16 ಮಿಲಿಮೀಟರ್ ಇರುತ್ತದೆ. ಬೇಕಿರುವುದು 1.5 ನಂಬರ್, ಅಂದರೆ 0.16ರಿಂದ 0.19. ಅಪರ್ಚರ್ 0.3ರ ಆಸುಪಾಸಿನಲ್ಲಿ ಈ ವ್ಯತ್ಯಾಸ ತಟ್ಟುವುದಿಲ್ಲ. ಎಣ್ಣೆಯಿಲ್ಲದ 0.95ರಲ್ಲಿ ಮಾತ್ರ ಮಿಲಿಮೀಟರಿನ ನೂರರ ಒಂದು ಪಾಲು ಹೆಚ್ಚುಕಡಿಮೆಯಾದರೂ ಕಣ್ಣಿಗೆ ಕಾಣುತ್ತದೆ. ಅಂಥವುಗಳ ಮೇಲೆ ಕರೆಕ್ಷನ್ ಕಾಲರ್ ಎಂಬ ತಿರುಗುವ ಬಳೆ ಇರುತ್ತದೆ. ಅದು ಇದೆ ಎಂಬುದೇ ಎಷ್ಟೋ ಜನರ ಗಮನಕ್ಕೆ ಬಂದಿರುವುದಿಲ್ಲ.

ಕರೆಕ್ಷನ್ ಕಾಲರ್ ಹೊಂದಿಸುವುದು ಹೇಗೆ?

ಮಾದರಿಯಲ್ಲಿ ಆದಷ್ಟು ಚಿಕ್ಕ ಚುಕ್ಕೆಯೊಂದನ್ನು ಹುಡುಕಿ. ಹೊಳೆಯುವ 0.1 ಮೈಕ್ರಾನ್ ಮಣಿ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು, ಇಲ್ಲದಿದ್ದರೆ ಸಣ್ಣ ಧೂಳಿನ ಕಣವೂ ಆದೀತು. ಅದನ್ನು ಫೋಕಸ್ ಮಾಡಿ, ನಂತರ ಫೈನ್ ನಾಬನ್ನು ಒಂದು ಕಡೆಗೆ ಸ್ವಲ್ಪ ತಿರುಗಿಸಿ, ಅಷ್ಟೇ ದೂರ ಇನ್ನೊಂದು ಕಡೆಗೂ ತಿರುಗಿಸಿ ನೋಡಿ. ಒಂದು ಬದಿಯಲ್ಲಿ ಉಂಗುರಗಳು ಗೆರೆ ಕೊರೆದಂತೆ ಸ್ಪಷ್ಟವಾಗಿದ್ದು, ಇನ್ನೊಂದು ಬದಿಯಲ್ಲಿ ಬರೀ ಮಬ್ಬು ಕಂಡರೆ ಕಾಲರ್ ಸರಿಯಿಲ್ಲ. ಒಂದೆರಡು ಗುರುತಿನಷ್ಟು ಬಳೆ ತಿರುಗಿಸಿ. ಬಳೆ ತಿರುಗಿಸಿದಾಗ ಫೋಕಸ್ ಕೂಡ ಜರುಗುತ್ತದೆ, ಹಾಗಾಗಿ ಪ್ರತಿ ಸಲವೂ ಮತ್ತೆ ಫೋಕಸ್ ಮಾಡಿಕೊಂಡೇ ಹೋಲಿಸಬೇಕು. ಎರಡೂ ಬದಿಯ ಉಂಗುರಗಳು ಒಂದೇ ಥರ ಕಾಣುವಲ್ಲಿ ನಿಲ್ಲಿಸಿ, ಆ ಗುರುತನ್ನು ಬರೆದುಕೊಳ್ಳಿ. ಕೈ ಪಳಗಿದ ಮೇಲೆ ಎರಡು ನಿಮಿಷದ ಕೆಲಸ.

ಎಣ್ಣೆ ಯಾಕೆ? ನೀರು ಹಾಕಿದರೆ ಆಗದೇ?

ಎಣ್ಣೆಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) 1.518ರ ಹತ್ತಿರ, ಗಾಜಿನದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಓರೆ ಕಿರಣಗಳು ಗಾಜಿನಿಂದ ಹೊರಬರುವಾಗ ಬಾಗದೆ ನೇರವಾಗಿ ಲೆನ್ಸ್ ಸೇರುತ್ತವೆ. ಮಾದರಿ ಗಾಜಿಗೆ ಅಂಟಿಕೊಂಡೇ ಇರುವವರೆಗೆ ಇದು ಸೊಗಸು. ನೀರಿನಲ್ಲಿರುವ ಜೀವಂತ ಅಂಗಾಂಶದೊಳಗೆ ಹತ್ತಿಪ್ಪತ್ತು ಮೈಕ್ರಾನ್ ಇಳಿದರೆ ಅಲ್ಲಿನ ಸೂಚ್ಯಂಕ 1.33ರ ಹತ್ತಿರ ಇರುವುದರಿಂದ ಗೋಳೀಯ ವಿಪಥನ ಆಳದೊಂದಿಗೆ ಬೆಳೆಯುತ್ತಾ ಹೋಗುತ್ತದೆ. ಅಂಥ ಕೆಲಸಕ್ಕೆಂದೇ ಮಾಡಿದ ನೀರಿನ ಆಬ್ಜೆಕ್ಟಿವ್ ಬಳಸಬೇಕು. ಎಣ್ಣೆಯದಕ್ಕೆ ನೀರು ಹಾಕಬೇಡಿ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎಣ್ಣೆ ಆಬ್ಜೆಕ್ಟಿವ್‌ನಿಂದ ನೀರಿನೊಳಗೆ ನೋಡುವಾಗ ಸ್ಟೇಜ್ (ಮಾದರಿ ಇಡುವ ಪೀಠ) 10 ಮೈಕ್ರಾನ್ ಚಲಿಸಿದರೆ ಫೋಕಸ್ ಚಲಿಸುವುದು 8.8 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ. ಇದನ್ನು ತಿದ್ದದೆ ಮೂರು ಆಯಾಮದ ಚಿತ್ರ ಕಟ್ಟಿದರೆ ದುಂಡಗಿನ ಕೋಶವೂ ಮೊಟ್ಟೆಯಾಕಾರದಲ್ಲಿ ನಿಂತಿರುತ್ತದೆ.

ಕಣ್ಣಿಗೆ ಸ್ಪಷ್ಟವಾಗಿದೆ, ಕ್ಯಾಮೆರಾದಲ್ಲಿ ಮಸುಕು. ಯಾಕೆ?

ಕಣ್ಣು ತನ್ನ ಲೆನ್ಸನ್ನು ತಾನೇ ಹಿಗ್ಗಿಸಿ ಕುಗ್ಗಿಸಿ ತಪ್ಪನ್ನು ಮುಚ್ಚಿಹಾಕುತ್ತದೆ, ಅದರಲ್ಲೂ ಎಳೆ ವಯಸ್ಸಿನ ಕಣ್ಣು. ಸೆನ್ಸರ್‌ಗೆ ಆ ಸೌಲಭ್ಯವಿಲ್ಲ. ಮೊದಲು ಪರದೆ ನೋಡಿಕೊಂಡು ಕ್ಯಾಮೆರಾಗೆ ಫೋಕಸ್ ಮಾಡಿ, ಆಮೇಲೆ ಐಪೀಸಿನ ಡಯಾಪ್ಟರ್ ಬಳೆ ತಿರುಗಿಸಿ ಅದನ್ನು ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ. ವ್ಯತ್ಯಾಸ ತುಂಬಾ ಇದ್ದರೆ ಕ್ಯಾಮೆರಾ ಕೂರಿಸುವ ಅಡಾಪ್ಟರ್‌ನ ಉದ್ದ ತಪ್ಪಿದೆ.

ಆಟೋಫೋಕಸ್ ಹೇಗೆ ಕೆಲಸ ಮಾಡುತ್ತದೆ?

ಮುಖ್ಯವಾಗಿ ಮೂರು ದಾರಿಗಳಿವೆ. ಒಂದಕ್ಕೂ ಇನ್ನೊಂದಕ್ಕೂ ಸ್ವಭಾವದಲ್ಲೇ ವ್ಯತ್ಯಾಸ.

ಮೊದಲನೆಯದು ಚಿತ್ರವನ್ನೇ ನೋಡಿ ನಿರ್ಧರಿಸುವುದು. ಬೇರೆ ಬೇರೆ ಎತ್ತರಗಳಲ್ಲಿ ಚಿತ್ರ ತೆಗೆದು ಪ್ರತಿಯೊಂದಕ್ಕೂ ಚೂಪುತನದ ಅಂಕ ಕೊಡುತ್ತದೆ. ಬ್ರೆನ್ನರ್ ಅಳತೆ ಎರಡು ಪಿಕ್ಸೆಲ್ ದೂರದ ಹೊಳಪಿನ ವ್ಯತ್ಯಾಸವನ್ನು ವರ್ಗ ಮಾಡಿ ಕೂಡಿಸುತ್ತದೆ. ಲಾಪ್ಲೇಸಿಯನ್ ಅಳತೆ ಅಂಚುಗಳನ್ನು ಎತ್ತಿ ತೋರಿಸಿ ಅವುಗಳ ಏರಿಳಿತ ಲೆಕ್ಕ ಹಾಕುತ್ತದೆ. ಯಾವ ಎತ್ತರದಲ್ಲಿ ಅಂಕ ಗರಿಷ್ಠವೋ ಅದೇ ಫೋಕಸ್. ಮೊದಲು ದೊಡ್ಡ ಹೆಜ್ಜೆ, ಶಿಖರದ ಹತ್ತಿರ ಡೆಪ್ತ್ ಆಫ್ ಫೀಲ್ಡ್‌ನ ಅರ್ಧದಷ್ಟು ಹೆಜ್ಜೆ, ಕೊನೆಗೆ ಶಿಖರದ ಮೂರು ಬಿಂದುಗಳಿಗೆ ಪರವಲಯ ಹೊಂದಿಸಿದರೆ ಹೆಜ್ಜೆಗಿಂತ ಸೂಕ್ಷ್ಮವಾದ ಉತ್ತರ ಸಿಗುತ್ತದೆ. ಎರಡು ತೊಂದರೆಗಳಿವೆ: ನಿಧಾನ, ಮತ್ತು ಬೆಳಕಿಗೆ ಬಣ್ಣ ಕಳೆದುಕೊಳ್ಳುವ ಮಾದರಿಯಾದರೆ ಹುಡುಕಾಟದಲ್ಲೇ ಅರ್ಧ ಮಾಸಿಹೋಗಿರುತ್ತದೆ. ಗಾಜಿನ ಮೇಲಿನ ಧೂಳಿಗೆ ಕೋಶಕ್ಕಿಂತ ಹೆಚ್ಚು ಅಂಕ ಬಂದು, ರಾತ್ರಿಯಿಡೀ ಧೂಳಿನ ಅಪ್ಪಟ ಚಿತ್ರಗಳನ್ನು ತೆಗೆದಿಡುವ ಸಾಧ್ಯತೆಯೂ ಇದೆ.

ಎರಡನೆಯದು ಫೇಸ್ ಡಿಟೆಕ್ಷನ್. ಲೆನ್ಸ್‌ನ ಎಡಭಾಗದಿಂದ ಬಂದ ಬೆಳಕಿಗೂ ಬಲಭಾಗದಿಂದ ಬಂದ ಬೆಳಕಿಗೂ ಬೇರೆ ಬೇರೆ ಬಿಂಬ ಮಾಡಿದರೆ, ಫೋಕಸ್‌ನಲ್ಲಿ ಅವೆರಡೂ ಒಂದರ ಮೇಲೊಂದು ಕೂರುತ್ತವೆ. ತಪ್ಪಿದಾಗ ದೂರ ಸರಿಯುತ್ತವೆ. ಯಾವ ಕಡೆಗೆ, ಎಷ್ಟು ಸರಿದಿವೆ ಎಂಬುದರಿಂದ ದಿಕ್ಕೂ ದೂರವೂ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಹುಡುಕಾಟವೇ ಬೇಡ.

ಮೂರನೆಯದಕ್ಕೆ ಮಾದರಿ ನೋಡುವ ಅಗತ್ಯವೇ ಇಲ್ಲ. ಕಣ್ಣಿಗೆ ಕಾಣದ ಅವಕೆಂಪು ಕಿರಣವೊಂದನ್ನು ಕವರ್‌ಸ್ಲಿಪ್ಪಿನ ಕಡೆ ಬಿಟ್ಟು, ಗಾಜಿನ ಮೇಲ್ಮೈಯಿಂದ ಹಿಂದಿರುಗುವ ಪ್ರತಿಫಲನದ ಜಾಗ ನೋಡುತ್ತಾ ದೂರವನ್ನು ಕಾಯ್ದುಕೊಳ್ಳುತ್ತದೆ. ಗಾಜು ಮತ್ತು ಗಾಳಿ ಸೇರುವಲ್ಲಿ ಶೇಕಡಾ 4ರಷ್ಟು ಬೆಳಕು ಹಿಂದಿರುಗಿದರೆ ಗಾಜು ಮತ್ತು ನೀರು ಸೇರುವಲ್ಲಿ ಶೇಕಡಾ ಅರ್ಧಕ್ಕಿಂತ ಕಡಿಮೆ, ಆದರೂ ಸಾಕಾಗುತ್ತದೆ. ದಿನಗಟ್ಟಲೆ ನಡೆಯುವ ಟೈಮ್‌ಲ್ಯಾಪ್ಸ್‌ಗೆ ನನ್ನ ಮತ ಇದಕ್ಕೇ. ಒಂದು ಮಾತು ನೆನಪಿರಲಿ, ಇದು ಹಿಡಿದಿಡುವುದು ಗಾಜನ್ನು. ಕೋಶ ತಾನಾಗಿ ಮೇಲೆದ್ದರೆ ಅದಕ್ಕೆ ತಿಳಿಯದು.

ಬಣ್ಣ ಹಾಕದ ಕೋಶಗಳ ಮೇಲೆ ಆಟೋಫೋಕಸ್ ಯಾವಾಗಲೂ ತಪ್ಪುತ್ತದೆ. ಸಾಫ್ಟ್‌ವೇರ್ ದೋಷವೇ?

ಸಾಫ್ಟ್‌ವೇರ್ ತನಗೆ ಹೇಳಿದ್ದನ್ನೇ ಮಾಡುತ್ತಿದೆ. ಬಣ್ಣವಿಲ್ಲದ ಕೋಶ ಬೆಳಕನ್ನು ಹೀರುವುದಿಲ್ಲ, ಅಲೆಯನ್ನು ಕೊಂಚ ತಡೆದು ಹಿಂದೆ ಬೀಳಿಸುತ್ತದೆ ಅಷ್ಟೆ. ಸೆನ್ಸರ್‌ಗೆ ಹೊಳಪು ಮಾತ್ರ ಗೊತ್ತು, ಈ ತಡ ಗೊತ್ತಾಗುವುದಿಲ್ಲ. ಹಾಗಾಗಿ ಸರಿಯಾಗಿ ಫೋಕಸ್ ಆದ ಕ್ಷಣದಲ್ಲೇ ಕೋಶ ಹೆಚ್ಚುಕಡಿಮೆ ಮಾಯವಾಗುತ್ತದೆ! ಸ್ವಲ್ಪ ಮೇಲೆ ಹೋದರೆ ಅಂಚು ಹೊಳೆಯುತ್ತದೆ, ಕೆಳಗೆ ಹೋದರೆ ಅಂಚು ಕಪ್ಪಾಗುತ್ತದೆ (ಅಥವಾ ಅದರ ತಿರುಗುಮುರುಗು). ಚೂಪುತನದ ಅಂಕದ ಗೆರೆಯಲ್ಲಿ ಎರಡು ಗುಡ್ಡ, ನಡುವೆ ಒಂದು ತಗ್ಗು. ಆಟೋಫೋಕಸ್ ಯಾವುದೋ ಒಂದು ಗುಡ್ಡ ಹತ್ತಿ ಕೂರುತ್ತದೆ, ನಿಜವಾದ ಫೋಕಸ್ ತಗ್ಗಿನಲ್ಲಿದೆ.

ಪರಿಹಾರಗಳುಂಟು. ತಗ್ಗನ್ನೇ ಹುಡುಕುವಂತೆ ಹೇಳಬಹುದು. ಇಲ್ಲವೇ ಗುಡ್ಡ ಹತ್ತಿಸಿ ಅಲ್ಲಿಂದ ಗೊತ್ತಾದಷ್ಟು ಮೈಕ್ರಾನ್ ಇಳಿಯಬಹುದು. ಫೇಸ್ ಕಾಂಟ್ರಾಸ್ಟ್ ಬಳಸಿದರೆ ಸಮಸ್ಯೆಯ ಬೇರಿಗೇ ಕೈ ಹಾಕಿದಂತೆ, ಏಕೆಂದರೆ ಅದು ಅಲೆಯ ತಡವನ್ನೇ ಹೊಳಪಾಗಿ ಬದಲಿಸುತ್ತದೆ. ಅದನ್ನು ಕಂಡುಹಿಡಿದ ಫ್ರಿಟ್ಸ್ ಜರ್ನಿಕೆ ಅವರಿಗೆ 1953ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಇದೇ ವಿದ್ಯಮಾನವನ್ನು ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಯವರು (ಹೆಪ್ಪುಗಟ್ಟಿಸಿದ ಮಾದರಿಯನ್ನು ಎಲೆಕ್ಟ್ರಾನ್‌ಗಳಿಂದ ನೋಡುವವರು) ಅನುಕೂಲ ಮಾಡಿಕೊಂಡಿದ್ದಾರೆ. ಮಂಜುಗಡ್ಡೆಯಲ್ಲಿರುವ ಪ್ರೋಟೀನ್ ಫೋಕಸ್‌ನಲ್ಲಿ ಕಾಣುವುದೇ ಇಲ್ಲವಾದ್ದರಿಂದ ಬೇಕೆಂದೇ ಒಂದೆರಡು ಮೈಕ್ರಾನ್ ಫೋಕಸ್ ತಪ್ಪಿಸಿ ಚಿತ್ರ ತೆಗೆದು, ಎಷ್ಟು ತಪ್ಪಿಸಿದ್ದು ಎಂಬುದನ್ನು ಲೆಕ್ಕದಲ್ಲಿ ತಿದ್ದಿಕೊಳ್ಳುತ್ತಾರೆ.

ಟೆಲಿಸ್ಕೋಪಿನಲ್ಲಿ ನಕ್ಷತ್ರಕ್ಕೆ ಫೋಕಸ್ ಮಾಡಲು ಯಾವ ವಿಧಾನ ಒಳ್ಳೆಯದು?

ಕೈಯಲ್ಲಿ ಮಾಡುವುದಾದರೆ ಬಾಹ್ಟಿನೋವ್ ಮುಖವಾಡ. 2005ರಲ್ಲಿ ರಷ್ಯಾದ ಪಾವೆಲ್ ಬಾಹ್ಟಿನೋವ್ ಅವರು ರೂಪಿಸಿದ್ದು. ಮೂರು ದಿಕ್ಕಿನಲ್ಲಿ ಸೀಳುಗಳಿರುವ ಈ ಹಲಗೆಯನ್ನು ಕೊಳವೆಯ ಬಾಯಿಗೆ ಹಾಕಿದರೆ ಹೊಳೆಯುವ ನಕ್ಷತ್ರದಿಂದ ಮೂರು ಗೆರೆಗಳು ಹೊರಡುತ್ತವೆ. ಎರಡು ಗೆರೆ ಕತ್ತರಿಯಂತೆ ಅಡ್ಡಹಾಯುತ್ತವೆ, ಮೂರನೆಯದು ನಡುವೆ ಓಡುತ್ತದೆ. ನಡುವಿನದು ಕತ್ತರಿಯ ಸರಿಯಾದ ಮಧ್ಯಕ್ಕೆ ಬಂದರೆ ಫೋಕಸ್ ಸಿಕ್ಕಿತು. ಮುಖವಾಡ ತೆಗೆಯುವುದು ಮರೆಯಬಾರದು, ಅಷ್ಟೇ.

ಮೋಟಾರ್ ಇದ್ದರೆ ವಿ-ಗೆರೆ ವಿಧಾನ ಇನ್ನೂ ಭದ್ರ. ಫೋಕಸ್‌ನ ಎರಡೂ ಬದಿಯಲ್ಲಿ ನಕ್ಷತ್ರದ ಬಿಂಬದ ವ್ಯಾಸ ಅಳೆಯುತ್ತಾ ಹೋಗಿ. ಫೋಕಸ್‌ನಿಂದ ದೂರದಲ್ಲಿ ಆ ವ್ಯಾಸ, ತಪ್ಪಿದ ದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದಷ್ಟು. ಎಫ್/5ರಲ್ಲಿ 500 ಮೈಕ್ರಾನ್ ತಪ್ಪಿದ್ದರೆ 100 ಮೈಕ್ರಾನ್. ಎರಡೂ ಬದಿಯಲ್ಲಿ ನೇರ ಗೆರೆಗಳು ಬರುತ್ತವೆ, ಅವೆರಡೂ ಕೂಡುವ ಜಾಗವೇ ಫೋಕಸ್. ಇದರ ಸೊಗಸು ಏನೆಂದರೆ, ಗಾಳಿಯ ಅಲುಗಾಟ ಹೆಚ್ಚು ಕೆಡಿಸುವುದು ಚೂಪು ಬಿಂಬವನ್ನು, ಹರಡಿದ ಬಿಂಬವನ್ನಲ್ಲ. ಹೀಗಾಗಿ ಮಸುಕಾದ ಬಿಂಬಗಳಿಂದಲೇ ಸ್ಪಷ್ಟತೆಯ ಜಾಗ ಹೆಚ್ಚು ನಿಖರವಾಗಿ ಸಿಗುತ್ತದೆ.

ಎರಡರಲ್ಲೂ ಒಂದು ನಿಯಮ: ಫೋಕಸ್ ಬಿಂದುವಿಗೆ ಯಾವಾಗಲೂ ಒಂದೇ ದಿಕ್ಕಿನಿಂದ ಬನ್ನಿ. ಹಲ್ಲುಚಕ್ರಗಳಲ್ಲಿ ಸಡಿಲ ಇದ್ದೇ ಇರುತ್ತದೆ. ದಾಟಿಹೋದರೆ ಹಿಂದಕ್ಕೆ ಹೋಗಿ ಮತ್ತೆ ಮೊದಲಿನ ದಿಕ್ಕಿನಿಂದಲೇ ಬರಬೇಕು.

ರಾತ್ರಿ ಶುರುವಿನಲ್ಲಿ ಮಾಡಿದ ಫೋಕಸ್ ನಡುರಾತ್ರಿಗೆ ಯಾಕೆ ನಿಲ್ಲುವುದಿಲ್ಲ?

ಕೊಳವೆ ತಣ್ಣಗಾಗಿ ಕುಗ್ಗುತ್ತದೆ. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಒಂದು ಡಿಗ್ರಿ ಸೆಲ್ಸಿಯಸ್‌ಗೆ 23 ಮೈಕ್ರಾನ್ ಬದಲಾಗುತ್ತದೆ, ಐದು ಡಿಗ್ರಿ ಇಳಿದರೆ 115. ಎಫ್/5ರಲ್ಲಿ ತಡೆದುಕೊಳ್ಳಬಹುದಾದ ತಪ್ಪು ಅತ್ತಿತ್ತ 27 ಮೈಕ್ರಾನ್ ಮಾತ್ರ. ಕಾರ್ಬನ್ ಫೈಬರ್ ಕೊಳವೆ ಬಹಳ ಕಡಿಮೆ ಕುಗ್ಗುತ್ತದೆ, ಆದರೆ ಲೆನ್ಸ್ ಮತ್ತು ಕನ್ನಡಿಗಳೂ ತಾಪಕ್ಕೆ ಬದಲಾಗುವುದರಿಂದ ಅದೊಂದೇ ಮದ್ದಲ್ಲ. ಒಂದೆರಡು ಡಿಗ್ರಿ ಇಳಿದಾಗಲೆಲ್ಲ ಮತ್ತೆ ಫೋಕಸ್ ಮಾಡಿ. ಫಿಲ್ಟರ್ ಬದಲಿಸಿದಾಗಲೂ ಅಷ್ಟೇ: ಒಮ್ಮುಖವಾಗುತ್ತಿರುವ ಕಿರಣಗಳ ನಡುವೆ ಗಾಜು ಇಟ್ಟರೆ ಫೋಕಸ್ ಆ ಗಾಜಿನ ದಪ್ಪದ ಸುಮಾರು ಮೂರನೇ ಒಂದು ಪಾಲಿನಷ್ಟು ಹಿಂದೆ ಸರಿಯುತ್ತದೆ.

ಹಬಲ್ ಟೆಲಿಸ್ಕೋಪಿಗೆ ಆಗಿದ್ದು ಫೋಕಸ್ ತೊಂದರೆಯೇ?

ಫೋಕಸ್ ತೊಂದರೆಯಾಗಿದ್ದರೆ ಭೂಮಿಯಿಂದಲೇ ಸರಿಪಡಿಸಬಹುದಿತ್ತು. 1990ರ ಏಪ್ರಿಲ್‌ನಲ್ಲಿ ಹಾರಿದ ಹಬಲ್‌ನ 2.4 ಮೀಟರ್ ಕನ್ನಡಿಯ ಅಂಚು ಬೇಕಾದ್ದಕ್ಕಿಂತ ಸುಮಾರು 2.2 ಮೈಕ್ರಾನ್ ಚಪ್ಪಟೆಯಾಗಿತ್ತು. ಉಜ್ಜುವಾಗ ಆಕಾರ ಪರೀಕ್ಷಿಸುವ ಉಪಕರಣದಲ್ಲೇ ಒಂದು ಲೆನ್ಸ್ 1.3 ಮಿಲಿಮೀಟರ್ ಜಾಗ ತಪ್ಪಿ ಕೂತಿದ್ದರಿಂದ ಕನ್ನಡಿಯನ್ನು ಬಹಳ ನಿಖರವಾಗಿ ತಪ್ಪು ಆಕಾರಕ್ಕೆ ಉಜ್ಜಲಾಗಿತ್ತು. ಮೇಲೆ ಕವರ್‌ಸ್ಲಿಪ್ ವಿಚಾರದಲ್ಲಿ ಹೇಳಿದ ಗೋಳೀಯ ವಿಪಥನವೇ ಇದೂ. ತಪ್ಪು ಎಷ್ಟೆಂದು ತಿಳಿಯಲು ನೆರವಾದದ್ದು ಫೋಕಸ್‌ನ ಆಚೆ ಈಚೆ ತೆಗೆದ ನಕ್ಷತ್ರಗಳ ಮಸುಕು ಚಿತ್ರಗಳು. ಆ ಲೆಕ್ಕಕ್ಕೆ ತಕ್ಕ ತಿದ್ದುಪಡಿಯ ಉಪಕರಣಗಳನ್ನು 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಜೋಡಿಸಿದರು. ಜೇಮ್ಸ್ ವೆಬ್‌ನ 18 ತುಂಡುಗಳ ಕನ್ನಡಿಯನ್ನು ಒಂದಾಗಿ ಹೊಂದಿಸುವಾಗಲೂ ಬೇಕೆಂದೇ ಫೋಕಸ್ ತಪ್ಪಿಸಿದ ಚಿತ್ರಗಳನ್ನು ಬಳಸಿಕೊಂಡರು.

ಡಯಾಫ್ರಮ್ (ಲೆನ್ಸ್‌ನ ಹಿಗ್ಗಿ ಕುಗ್ಗುವ ಕಿಂಡಿ) ಆದಷ್ಟೂ ಮುಚ್ಚಿದರೆ ಎಲ್ಲವೂ ಫೋಕಸ್‌ಗೆ ಬರುವುದಿಲ್ಲವೇ?

ಕಿಂಡಿ ಕಿರಿದಾದಷ್ಟೂ ಏರಿ ತಟ್ಟೆ ದೊಡ್ಡದಾಗುವುದರಿಂದ ಎಲ್ಲವೂ ಒಂದೇ ಸಮನಾಗಿ ಮಸುಕಾಗುತ್ತದೆ. ಹತ್ತಿರದ ವಸ್ತುಗಳಿಗೆ ಲೆನ್ಸ್ ಮೇಲಿನ ಎಫ್ ಸಂಖ್ಯೆಯನ್ನು ನಂಬಬೇಡಿ, ಅದನ್ನು ವರ್ಧನೆಗೆ ಒಂದು ಕೂಡಿಸಿದ ಸಂಖ್ಯೆಯಿಂದ ಗುಣಿಸಿ. ವಸ್ತುವಿನಷ್ಟೇ ದೊಡ್ಡ ಬಿಂಬ ಬರುವಾಗ ಎಫ್/11 ನಿಜದಲ್ಲಿ ಎಫ್/22. ಆಗ ಏರಿ ತಟ್ಟೆ ಸುಮಾರು 30 ಮೈಕ್ರಾನ್. ಆಳವೂ ಬೇಕು, ವಿವರವೂ ಬೇಕು ಎಂದರೆ ಡಯಾಫ್ರಮ್ ತೆರೆದಿಟ್ಟು ಹಲವು ಎತ್ತರಗಳಲ್ಲಿ ಚಿತ್ರ ತೆಗೆದು ಜೋಡಿಸಿ. ಅಂಥ ಜೋಡಣೆ ನೋಡಲು ಚೆಂದ, ಹೊಳಪು ಅಳೆಯಲು ಮಾತ್ರ ಬಳಸಬೇಡಿ.

ಮೇಲ್ಮೈ ಓರೆಯಾಗಿದ್ದರೆ?

ಲೆನ್ಸನ್ನೋ ಸೆನ್ಸರನ್ನೋ ಓರೆ ಮಾಡಿ. ವಸ್ತುವಿನ ತಲ, ಲೆನ್ಸ್‌ನ ತಲ, ಸೆನ್ಸರ್‌ನ ತಲ ಮೂರೂ ಒಂದೇ ಗೆರೆಯಲ್ಲಿ ಸಂಧಿಸಿದರೆ ಇಡೀ ಮೇಲ್ಮೈ ಫೋಕಸ್‌ನಲ್ಲಿರುತ್ತದೆ. ಶೈಮ್‌ಫ್ಲುಗ್ ನಿಯಮ ಎನ್ನುತ್ತಾರೆ. ಕಣ್ಣಿನ ಕಾರ್ನಿಯಾ ಪರೀಕ್ಷೆಯ ಯಂತ್ರಗಳಲ್ಲಿ ಇದೇ ಇದೆ.

ಉದ್ದ ಅಗಲ ಅಳೆಯಲು ಯಾವ ಲೆನ್ಸ್?

ಟೆಲಿಸೆಂಟ್ರಿಕ್. ಸಾಧಾರಣ ಲೆನ್ಸ್‌ನಲ್ಲಿ ವಸ್ತು ಹತ್ತಿರ ಬಂದರೆ ದೊಡ್ಡದಾಗಿ ಕಾಣುತ್ತದೆ, ಟೆಲಿಸೆಂಟ್ರಿಕ್‌ನಲ್ಲಿ ಗಾತ್ರ ಬದಲಾಗುವುದಿಲ್ಲ. ಫೋಕಸ್ ಕೊಂಚ ತಪ್ಪಿದರೂ ಅಂಚು ಎರಡೂ ಕಡೆ ಸಮನಾಗಿ ಮಸುಕಾಗುವುದರಿಂದ ಅಂಚಿನ ನಡುಗೆರೆ ಅಲ್ಲೇ ಇರುತ್ತದೆ. ನೋಡಬೇಕಾದ ವಸ್ತುವಿಗಿಂತ ಮುಂದಿನ ಗಾಜು ದೊಡ್ಡದಿರಬೇಕಾದ್ದರಿಂದ ಲೆನ್ಸ್ ಭಾರ, ಬೆಲೆಯೂ ಭಾರ.

ಫೋಕಸ್ ತಪ್ಪಿದ ಚಿತ್ರವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಬಹುದೇ?

ಹಾಲೊಗ್ರಫಿಯಲ್ಲಿ ತೆಗೆದಿದ್ದರೆ ಹೌದು, ಅದರಲ್ಲಿ ಅಲೆಯ ತಡವೂ ದಾಖಲಾಗಿರುತ್ತದೆ. ಮಾಮೂಲಿ ಚಿತ್ರವಾದರೆ ಡೀಕಾನ್ವಲ್ಯೂಷನ್ (ಮಸುಕು ಹೇಗೆ ಹರಡಿತೆಂದು ಲೆಕ್ಕ ಹಾಕಿ ಅದನ್ನು ತಿದ್ದುವ ವಿಧಾನ) ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ. ಆದರೆ ಮಸುಕಿನಲ್ಲಿ ಪೂರ್ತಿ ಅಳಿಸಿಹೋದ ವಿವರವನ್ನು ಅದು ವಾಪಸ್ ತರಲಾರದು. ಇಲ್ಲದ ವಿವರವನ್ನು ಅಂದವಾಗಿ ಬರೆದುಕೊಡುವ ಸಾಧನಗಳು ಈಗ ಬೇಕಾದಷ್ಟಿವೆ. ಅಳತೆಗೆ ಬಳಸುವ ಚಿತ್ರದ ಹತ್ತಿರ ಅವನ್ನು ಸುಳಿಯಗೊಡಬೇಡಿ.

40 ಪಟ್ಟಿನ ಆಬ್ಜೆಕ್ಟಿವ್ ಮಾತ್ರ ಸದಾ ಮಸುಕು. ಬೇರೆಲ್ಲ ಸರಿಯಾಗಿವೆ.

ಎಣ್ಣೆ ತಾಗಿರುತ್ತದೆ. 100 ಪಟ್ಟಿನಲ್ಲಿ ಎಣ್ಣೆ ಹಾಕಿ ನೋಡಿದವರು ಸ್ಲೈಡ್ ಒರೆಸದೆ ತಿರುಗಣಿಯನ್ನು ಹಿಂದಕ್ಕೆ ತಿರುಗಿಸಿದರೆ, ಸ್ಲೈಡಿಗೆ ತೀರಾ ಹತ್ತಿರದಲ್ಲಿ ಹಾಯುವ 40ರ ಮೂತಿ ಆ ಎಣ್ಣೆಗೆ ಅದ್ದಿಕೊಳ್ಳುತ್ತದೆ. ಆಬ್ಜೆಕ್ಟಿವ್ ಬಿಚ್ಚಿ, ಐಪೀಸೊಂದನ್ನು ತಲೆಕೆಳಗು ಹಿಡಿದು ಭೂತಗನ್ನಡಿಯಂತೆ ಬಳಸಿ ಮುಂದಿನ ಗಾಜನ್ನು ಬೆಳಕಿಗೆ ಓರೆಯಾಗಿ ನೋಡಿ. ಎಣ್ಣೆಯ ಪೊರೆ ಇದ್ದರೆ ತಕ್ಷಣ ಕಾಣುತ್ತದೆ. ಮೊದಲು ಊದುಬುರುಡೆಯಿಂದ ಧೂಳು ಹಾರಿಸಿ. ಲೆನ್ಸ್ ಕಾಗದಕ್ಕೆ ತಯಾರಕರು ಹೇಳಿದ ದ್ರಾವಣ ಒಂದು ಹನಿ ಹಾಕಿ, ಒತ್ತದೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಆ ಕಾಗದ ಎಸೆದು ಹೊಸದು ತೆಗೆದುಕೊಳ್ಳಿ. ಅಂಗಿಯ ತುದಿ ಬೇಡ.